ಆಸ್ಪತ್ರೆಯ ಕಟ್ಟಡಕ್ಕೆ, ಯಂತ್ರಕ್ಕೆ ದುಡ್ಡು ಎಲ್ಲಿಂದ ತರುವುದು? ಸಾಲ, ದಾನ, ಲೀಸ್ – ಯಾವುದು ಪರವಾಗಿಲ್ಲ?

ಆಡಳಿತ_ಕಚೇರಿ
ಎಲ್ಲರಿಗೂ ನಮಸ್ಕಾರ. ಲಾಭಕ್ಕೆ ನಡೆಸದ, ಮಧ್ಯಮ ಗಾತ್ರದ ಆಸ್ಪತ್ರೆಯೊಂದರ ಆಡಳಿತದಲ್ಲಿದ್ದೇನೆ. ದಿನದ ಖರ್ಚು ಹೇಗೋ ನಡೆಯುತ್ತದೆ. ಸಂಬಳ, ಔಷಧಿ, ಕರೆಂಟ್ ಬಿಲ್ಲು ಎಲ್ಲ ತಿಂಗಳ ಕೊನೆಗೆ ಸರಿದೂಗುತ್ತದೆ. ಕೈ ಕಟ್ಟಿದಂತಾಗುವುದು ದೊಡ್ಡ ಖರ್ಚು ಬಂದಾಗ.

ಸಿಟಿ ಸ್ಕ್ಯಾನರ್ ಹಳೆಯದು. ಇನ್ನು ಬಿಡಿಭಾಗ ಸಿಗುವುದಿಲ್ಲ ಎಂದು ಕಂಪನಿಯವರು ಪತ್ರ ಕೊಟ್ಟಿದ್ದಾರೆ. ಲಿಫ್ಟು ವಾರಕ್ಕೊಮ್ಮೆ ನಿಲ್ಲುತ್ತದೆ. ಆಪರೇಷನ್ ಥಿಯೇಟರಿನ ಗಾಳಿ ವ್ಯವಸ್ಥೆ ಪೂರ್ತಿ ಬದಲಾಗಬೇಕು. ಬ್ಯಾಂಕಿಗೆ ಹೋದರೆ ಅಡಮಾನ ಏನಿದೆ ಎನ್ನುತ್ತಾರೆ. ಜಾಗ ಟ್ರಸ್ಟಿನದು, ಮಾರುವಂತಿಲ್ಲ. ದಾನಿಗಳನ್ನು ಕೇಳಿದರೆ ಹೊಸ ಬ್ಲಾಕು ಕಟ್ಟಿಸುತ್ತೇವೆ, ಹೆಸರು ಹಾಕಿ ಎನ್ನುತ್ತಾರೆ. ಲಿಫ್ಟಿಗೆ, ಚರಂಡಿ ಪೈಪಿಗೆ, ಜನರೇಟರಿಗೆ ಯಾರೂ ಕೊಡುವುದಿಲ್ಲ. ಲೀಸಿನವನು ಮಾತ್ರ ದಿನಾ ಫೋನ್ ಮಾಡುತ್ತಾನೆ. "ಒಂದು ಪೈಸೆ ಹಾಕಬೇಡಿ, ಯಂತ್ರ ನಾಳೆಯೇ ತಂದು ಇಳಿಸುತ್ತೇನೆ" ಅಂತ.

ಬೇರೆ ಕಡೆ ಆಸ್ಪತ್ರೆಗಳು ಇದನ್ನು ಹೇಗೆ ಮಾಡುತ್ತವೆ? ಅನುಭವ ಇದ್ದವರು ಹೇಳಿ.

ಲೆಕ್ಕದವ
ದಿನಾ ಫೋನ್ ಮಾಡುವವನಿಗೆ ಉತ್ತರ ಕೊಡಬೇಡಿ. ಮೊದಲ ಸಲಹೆ ಅಷ್ಟೇ. ಮಿಕ್ಕಿದ್ದು ಸಂಜೆ ಬರೆಯುತ್ತೇನೆ.

ನಿವೃತ್ತ_ಬ್ಯಾಂಕು
ಬ್ಯಾಂಕಿನ ಕಡೆಯಿಂದ ಹೇಳುತ್ತೇನೆ, ಬೈಯಬೇಡಿ. ಆಸ್ಪತ್ರೆ ಅಡಮಾನಕ್ಕೆ ತುಂಬಾ ಕೆಟ್ಟ ಆಸ್ತಿ. ಗೋದಾಮು ಆದರೆ ಸಾಲ ಕಟ್ಟದಿದ್ದಾಗ ಬೀಗ ಹಾಕಿ ಹರಾಜು ಕರೆಯಬಹುದು. ಐಸಿಯುಗೆ ಬೀಗ ಹಾಕುವ ಮ್ಯಾನೇಜರ್ ಯಾರು? ಕಟ್ಟಡವನ್ನು ಬೇರೆ ಕೆಲಸಕ್ಕೆ ಬಳಸಲೂ ಕಷ್ಟ. ಯಂತ್ರ ಇಳಿಸಿದ ಮರುದಿನವೇ ಅದರ ಬೆಲೆ ಬಿದ್ದಿರುತ್ತದೆ.

ಹಾಗಾಗಿ ನಾವು ನೋಡುವುದು ಜಮೀನಿಗಿಂತ ಜಾಸ್ತಿ ಹಣದ ಹರಿವನ್ನು. ವರ್ಷದ ಖರ್ಚೆಲ್ಲ ಕಳೆದು ಉಳಿಯುವ ದುಡ್ಡು ಕಂತು ಬಡ್ಡಿಗಿಂತ ಎಷ್ಟು ಪಟ್ಟು ಇದೆ? ನಿಮ್ಮಲ್ಲಿ ತಿಂಗಳ ಕೊನೆಗೆ "ಸರಿದೂಗುತ್ತದೆ" ಎಂದಿರಿ. ಸರಿದೂಗುವ ಆಸ್ಪತ್ರೆಗೆ ಸಾಲ ಸಿಗುವುದಿಲ್ಲ. ಉಳಿಸುವ ಆಸ್ಪತ್ರೆಗೆ ಸಿಗುತ್ತದೆ.

ವಾರ್ಡ್_ಏಳು
ಅಂದರೆ ದುಡ್ಡಿದ್ದವನಿಗೇ ದುಡ್ಡು. ಉಳ್ಳವನ ಮನೆಗೆ ಊರೆಲ್ಲ ನೆಂಟರು.

ನಿವೃತ್ತ_ಬ್ಯಾಂಕು
ಹೌದು. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಅಮೆರಿಕದಲ್ಲಿ ಲಾಭರಹಿತ ಆಸ್ಪತ್ರೆಗಳು ತೆರಿಗೆ ವಿನಾಯಿತಿ ಇರುವ ಬಾಂಡ್ ಮೂಲಕ ಸಾಲ ಎತ್ತುತ್ತವೆ. ಮೂಡೀಸ್, ಫಿಚ್ ಮುಂತಾದ ಸಂಸ್ಥೆಗಳು ಸಾಲ ತೀರಿಸುವ ಶಕ್ತಿಗೆ ರೇಟಿಂಗ್ ಕೊಡುವಾಗ ನೋಡುವ ಮುಖ್ಯ ಲೆಕ್ಕಗಳಲ್ಲಿ ಒಂದು, ಒಂದು ಪೈಸೆ ಆದಾಯ ಬಾರದಿದ್ದರೂ ಕೈಯಲ್ಲಿರುವ ನಗದಿನಲ್ಲಿ ಎಷ್ಟು ದಿನ ಆಸ್ಪತ್ರೆ ನಡೆಸಬಹುದು ಎಂಬುದು. ಹೆಚ್ಚು ದಿನ ಇದ್ದರೆ ಬಡ್ಡಿ ಕಡಿಮೆ. ದೊಡ್ಡ ಆಸ್ಪತ್ರೆ ಸಮೂಹಗಳಿಗೆ ಅಗ್ಗದ ಸಾಲ. ಹಳ್ಳಿ ಕಡೆಯ ಚಿಕ್ಕ ಆಸ್ಪತ್ರೆಗೆ ದುಬಾರಿ ಸಾಲ, ಇಲ್ಲವೇ ಸಾಲವೇ ಇಲ್ಲ.

ಎದುರುಮಾತು
ಎಲ್ಲರೂ ದುಡ್ಡು ಸಿಗುವುದಿಲ್ಲ ಎಂದು ಅಳುತ್ತಿದ್ದೀರಿ. ಬೇಕಾ ಎಂದು ಯಾರೂ ಕೇಳುತ್ತಿಲ್ಲ. ರೋಮರ್ ಎಂಬ ಸಂಶೋಧಕ 1961ರಲ್ಲೇ ತೋರಿಸಿದ್ದ, ಹಾಸಿಗೆ ಹಾಕಿದರೆ ಅದು ತುಂಬಿಕೊಳ್ಳುತ್ತದೆ ಅಂತ. ಸ್ಕ್ಯಾನರ್ ತಂದರೆ ಸ್ಕ್ಯಾನ್ ಜಾಸ್ತಿಯಾಗುತ್ತದೆ, ಕಂತು ಕಟ್ಟಬೇಕಲ್ಲ! ಇದೇ ಕಾರಣಕ್ಕೆ ನ್ಯೂಯಾರ್ಕಿನಲ್ಲಿ 1964ರಿಂದ ಆಸ್ಪತ್ರೆ ಕಟ್ಟುವ ಮೊದಲು ಅಗತ್ಯ ಇದೆ ಎಂದು ಸರ್ಕಾರದ ಪ್ರಮಾಣಪತ್ರ ಪಡೆಯಬೇಕಾಯಿತು. 1974ರಲ್ಲಿ ಕೇಂದ್ರ ಕಾನೂನೂ ಬಂತು.

ಓದುಗ_ಕ
ಆ ಕೇಂದ್ರ ಕಾನೂನನ್ನು 80ರ ದಶಕದಲ್ಲೇ ತೆಗೆದುಹಾಕಿದರು, ಅದನ್ನೂ ಹೇಳಿ. ಖರ್ಚು ಇಳಿಯಲಿಲ್ಲ. ಮೊದಲೇ ಇದ್ದ ಆಸ್ಪತ್ರೆಗಳು ಹೊಸಬರು ಬಾರದಂತೆ ತಡೆಯಲು ಆ ಪತ್ರವನ್ನು ಬಳಸಿಕೊಂಡವು ಎಂಬ ದೂರು ಈಗಲೂ ಇದೆ.

ರಾತ್ರಿಪಾಳಿ
@ಎದುರುಮಾತು ಅವರೇ, ಅವರು ಕೇಳಿದ್ದು ಹೊಸ ಹಾಸಿಗೆ ಅಲ್ಲ. ಲಿಫ್ಟು.

ನಾನು ನರ್ಸ್. ಲಿಫ್ಟು ನಿಂತ ರಾತ್ರಿ ಥಿಯೇಟರಿನಿಂದ ರೋಗಿಯನ್ನು ಐಸಿಯುಗೆ ಮೆಟ್ಟಿಲ ಮೇಲೆ ಇಳಿಸಿದ್ದೇವೆ. ನಾಲ್ವರು ಸ್ಟ್ರೆಚರ್ ಹಿಡಿದರು. ನಾನು ಪಕ್ಕದಲ್ಲಿ ಉಸಿರು ಕೊಡುವ ಅಂಬು ಬ್ಯಾಗ್ ಒತ್ತುತ್ತಾ ಹಿಮ್ಮುಖವಾಗಿ ಇಳಿದೆ. ಮಾನಿಟರನ್ನು ರೋಗಿಯ ಕಾಲಿನ ಮಧ್ಯೆ ಇಟ್ಟಿದ್ದೆವು. ತಿರುವಿನಲ್ಲಿ ಸ್ಟ್ರೆಚರ್ ಓರೆಯಾದಾಗ ಡ್ರಿಪ್ ಸ್ಟ್ಯಾಂಡು ಗೋಡೆಗೆ ಬಡಿಯಿತು. ರೋಗಿ ಉಳಿದರು, ಸರಿ. ಮರುದಿನ ಮೀಟಿಂಗಿನಲ್ಲಿ ಲಿಫ್ಟ್ ವಿಷಯ "ಮುಂದಿನ ವರ್ಷದ ಬಜೆಟ್ಟಿಗೆ" ಎಂದು ಬರೆದುಕೊಂಡರು. ಅದರ ಹಿಂದಿನ ವರ್ಷವೂ ಹಾಗೇ ಬರೆದಿದ್ದರು.

ಲಿಫ್ಟ್ ಇದೆ ಅಂತ ರೋಗಿಗಳು ಜಾಸ್ತಿ ಬರುವುದಿಲ್ಲ. ನಿಮ್ಮ ರೋಮರ್ ಇಲ್ಲಿಗೆ ಹೊಂದುವುದಿಲ್ಲ.

ಎದುರುಮಾತು
ಲಿಫ್ಟಿಗೆ ನನ್ನ ವಿರೋಧ ಇಲ್ಲ ಮೇಡಂ. ಸ್ಕ್ಯಾನರಿಗೆ ಇನ್ನೂ ಇದೆ.

ಓದುಗ_ಕ
ಮೇಡಂ ಹೇಳಿದ್ದು ದೊಡ್ಡ ಮಟ್ಟದಲ್ಲಿ ಇಂಗ್ಲೆಂಡಿನಲ್ಲಿ ನಡೆದಿದೆ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ಗೆ ದಿನದ ಖರ್ಚಿಗೆ ಬೇರೆ, ಬಂಡವಾಳಕ್ಕೆ ಬೇರೆ ಬಜೆಟ್. 2014-15ರಿಂದ 2018-19ರವರೆಗೆ ಬಂಡವಾಳದ ಕಡೆಯಿಂದ ಸುಮಾರು 430 ಕೋಟಿ ಪೌಂಡನ್ನು ದಿನದ ಖರ್ಚಿಗೆ ತಿರುಗಿಸಿದರು. ಸಂಬಳ ಕೊಡದಿದ್ದರೆ ಮರುದಿನ ಗಲಾಟೆ ಆಗುತ್ತದೆ, ಸೂರು ರಿಪೇರಿ ಮಾಡದಿದ್ದರೆ ಹತ್ತು ವರ್ಷ ಏನೂ ಆಗುವುದಿಲ್ಲ. ಅದಕ್ಕೇ ಕತ್ತರಿ ಯಾವಾಗಲೂ ಅಲ್ಲಿಗೇ ಬೀಳುತ್ತದೆ. 2023-24ರ ಹೊತ್ತಿಗೆ ಬಾಕಿ ಉಳಿದ ರಿಪೇರಿಯ ಅಂದಾಜೇ 1,380 ಕೋಟಿ ಪೌಂಡ್.

ಕಿಂಗ್ಸ್ ಲಿನ್ ಎಂಬಲ್ಲಿನ ಆಸ್ಪತ್ರೆಯ ಚಿತ್ರ ಹುಡುಕಿ ನೋಡಿ. ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟಿನ ಸೂರು ಕುಸಿಯಬಾರದು ಎಂದು ಸಾವಿರಾರು ಊರೆಗೋಲು ಕೊಟ್ಟಿದ್ದಾರೆ. ಕಾರಿಡಾರಿನಲ್ಲಿ, ವಾರ್ಡಿನಲ್ಲಿ, ಹಾಸಿಗೆ ಪಕ್ಕದಲ್ಲೇ ಕಂಬ.

ವಾರ್ಡ್_ಏಳು
ನೋಡಿದೆ. ಅಯ್ಯೋ. ಇದು ಶ್ರೀಮಂತ ದೇಶವಾ?

ಲೆಕ್ಕದವ
ಸಂಜೆ ಅಂದಿದ್ದೆ, ಬಂದೆ.

ಆಡಳಿತ_ಕಚೇರಿ ಅವರೇ, ನೀವು ದುಡ್ಡು ಎಲ್ಲಿಂದ ಎಂದು ಕೇಳಿದ್ದೀರಿ. ನಾನು ಕೇಳುವುದು, ತೀರಿಸುವುದು ಯಾರು? ದಾನ ಬಿಟ್ಟರೆ ಮಿಕ್ಕಿದ್ದೆಲ್ಲ ನಾಳೆಯ ಆದಾಯವನ್ನು ಇವತ್ತು ಖರ್ಚು ಮಾಡುವುದೇ. ಸಾಲ ಆದರೂ ಅಷ್ಟೇ, ಲೀಸ್ ಆದರೂ ಅಷ್ಟೇ. ಆ ಆದಾಯ ಬರುವುದು ಚಿಕಿತ್ಸೆಯ ದರದಿಂದ. ಆ ದರವನ್ನು ವಿಮೆಯೋ ಸರ್ಕಾರವೋ ನಿಗದಿ ಮಾಡಿದ್ದರೆ, ಅದರಲ್ಲಿ ಕಟ್ಟಡ ಮತ್ತು ಯಂತ್ರದ ಸವಕಳಿಗೆ ಪಾಲು ಸೇರಿದೆಯಾ ಎಂದು ಮೊದಲು ನೋಡಬೇಕು. ಸೇರಿಲ್ಲದಿದ್ದರೆ ನೀವು ಪ್ರತಿ ರೋಗಿಯ ಜೊತೆ ಕಟ್ಟಡವನ್ನು ಸ್ವಲ್ಪ ಸ್ವಲ್ಪ ಬಿಟ್ಟಿಯಾಗಿ ಕೊಡುತ್ತಿದ್ದೀರಿ.

ಜರ್ಮನಿಯಲ್ಲಿ ಇದನ್ನು 1972ರಲ್ಲಿ ಕಾನೂನು ಮಾಡಿ ಬೇರೆ ಮಾಡಿದರು. ಚಿಕಿತ್ಸೆಯ ಖರ್ಚು ವಿಮಾ ನಿಧಿಗಳದ್ದು, ಕಟ್ಟಡ ಯಂತ್ರಗಳದ್ದು ರಾಜ್ಯಗಳದ್ದು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ರಾಜ್ಯಗಳು ಕೊಡಬೇಕಾದಷ್ಟು ಕೊಡುತ್ತಿಲ್ಲ ಎಂಬುದು ಅಲ್ಲಿನ ಹಳೇ ಜಗಳ. ಆಸ್ಪತ್ರೆಗಳು ಏನು ಮಾಡುತ್ತವೆ? ಚಿಕಿತ್ಸೆಗೆ ಬಂದ ದುಡ್ಡಿನಲ್ಲಿ ಉಳಿಸಿ ಯಂತ್ರ ಕೊಳ್ಳುತ್ತವೆ. ಉಳಿಸುವುದು ಎಲ್ಲಿ? ನರ್ಸ್‌ಗಳ ಸಂಖ್ಯೆಯಲ್ಲಿ.

ರಾತ್ರಿಪಾಳಿ
ಕೊನೆಯ ಸಾಲು 💯

ಓದುಗ_ಕ
ಜರ್ಮನಿಗೆ ಒಂದು ಸೇರಿಸಿ. 2026ರಿಂದ ಹತ್ತು ವರ್ಷಕ್ಕೆ 5,000 ಕೋಟಿ ಯೂರೋವರೆಗಿನ ಪರಿವರ್ತನಾ ನಿಧಿ ಮಾಡಿದ್ದಾರೆ. ಆದರೆ ಅದು ಆಸ್ಪತ್ರೆಗಳನ್ನು ಒಗ್ಗೂಡಿಸುವುದು, ವಿಭಾಗಗಳನ್ನು ಒಂದೆಡೆ ತರುವುದು ಇಂಥದ್ದಕ್ಕೆ. ಇರುವ ಲಿಫ್ಟನ್ನು ರಿಪೇರಿ ಮಾಡುವುದಕ್ಕಲ್ಲ.

ಖಾಸಗಿ_ಪಾಲು
ಸರ್ಕಾರದ ಹತ್ತಿರ ದುಡ್ಡಿಲ್ಲ, ಬ್ಯಾಂಕು ಕೊಡುವುದಿಲ್ಲ. ಉಳಿದಿರುವುದು ಖಾಸಗಿ ಸಹಭಾಗಿತ್ವ ಒಂದೇ. ಅವರು ಕಟ್ಟಲಿ, ಮೂವತ್ತು ವರ್ಷ ನಿರ್ವಹಣೆಯನ್ನೂ ಅವರೇ ಮಾಡಲಿ, ನೀವು ವರ್ಷಕ್ಕಿಷ್ಟು ಎಂದು ಕಟ್ಟಿ. ಇದನ್ನು ಕಂಡರೆ ಎಲ್ಲರಿಗೂ ಯಾಕೆ ಅಲರ್ಜಿ?

ಓದುಗ_ಕ
ಅಲರ್ಜಿಗೆ ಕಾರಣ ಇದೆ. ಬ್ರಿಟನ್ನಿನಲ್ಲಿ ನೀವು ಹೇಳುವ ಈ ಖಾಸಗಿ ಸಹಭಾಗಿತ್ವ 1992ರಲ್ಲಿ ಪಿಎಫ್‌ಐ ಎಂಬ ಹೆಸರಿನಲ್ಲಿ ಶುರುವಾಯಿತು. ಆಸ್ಪತ್ರೆಗಳ ಪಾಲಿಗೆ ಅದರಿಂದ ಬಂದ ಬಂಡವಾಳ ಸುಮಾರು 1,300 ಕೋಟಿ ಪೌಂಡ್. ಎಲ್ಲ ಒಪ್ಪಂದ ಮುಗಿಯುವ ಹೊತ್ತಿಗೆ ಕಟ್ಟುವ ಮೊತ್ತ ಸುಮಾರು 8,000 ಕೋಟಿ ಎಂದು 2019ರಲ್ಲಿ ಐಪಿಪಿಆರ್ ಎಂಬ ಸಂಸ್ಥೆ ಲೆಕ್ಕ ಹಾಕಿತು. ದಕ್ಷಿಣ ಲಂಡನ್ನಿನ ಒಂದು ಸರ್ಕಾರಿ ಆಸ್ಪತ್ರೆ ಟ್ರಸ್ಟ್ 2012ರಲ್ಲಿ ಕೈಚೆಲ್ಲಿತು, ಸರ್ಕಾರ ವಿಶೇಷ ಆಡಳಿತಾಧಿಕಾರಿಯನ್ನು ಹಾಕಬೇಕಾಯಿತು. ಪಿಎಫ್‌ಐ ಕಂತಿನ ಹೊರೆ ಅದಕ್ಕೆ ದೊಡ್ಡ ಕಾರಣ. 2018ರಲ್ಲಿ ಸರ್ಕಾರವೇ ಇನ್ನು ಹೊಸ ಒಪ್ಪಂದ ಬೇಡ ಎಂದಿತು.

ಖಾಸಗಿ_ಪಾಲು
1,300ಕ್ಕೆ 8,000 ಎನ್ನುವುದು ತಪ್ಪು ಹೋಲಿಕೆ. ಆ 8,000ದಲ್ಲಿ ದಶಕಗಳ ನಿರ್ವಹಣೆ ಇದೆ, ಎಷ್ಟೋ ಕಡೆ ಕ್ಲೀನಿಂಗ್, ಕೇಟರಿಂಗ್ ಇದೆ. ಮೂವತ್ತು ವರ್ಷದ ಬೆಲೆಯೇರಿಕೆಯೂ ಇದೆ. ಗೃಹಸಾಲದ ಕಂತನ್ನೆಲ್ಲ ಕೂಡಿದರೂ ಮನೆ ಬೆಲೆಯ ಎರಡು ಮೂರು ಪಟ್ಟು ಆಗುತ್ತದೆ, ಅಲ್ವಾ? ಮತ್ತೆ, ನೀವೇ ತೋರಿಸಿದ ಊರೆಗೋಲಿನ ಆಸ್ಪತ್ರೆ ಪಿಎಫ್‌ಐನದ್ದಲ್ಲ, ಸರ್ಕಾರಿ ಬಂಡವಾಳದ್ದು. ಪಿಎಫ್‌ಐ ಕಟ್ಟಡದ ರಿಪೇರಿ ದುಡ್ಡನ್ನು ಯಾವ ಮಂತ್ರಿಯೂ ಮುಟ್ಟುವಂತಿರಲಿಲ್ಲ. ಒಪ್ಪಂದದಲ್ಲೇ ಬರೆದಿತ್ತು.

ಲೆಕ್ಕದವ
ಎರಡನೇ ಮಾತು ಒಪ್ಪುತ್ತೇನೆ, ಮೊದಲನೆಯದು ಅರ್ಧ. ಸರ್ಕಾರ ತಾನೇ ಸಾಲ ತಂದಿದ್ದರೆ ಬಡ್ಡಿ ಕಡಿಮೆ ಇರುತ್ತಿತ್ತು. ಪಿಎಫ್‌ಐ ಬಳಸಿದ್ದಕ್ಕೆ ಒಂದು ದೊಡ್ಡ ಕಾರಣ, ಆ ಸಾಲ ಸರ್ಕಾರದ ಸಾಲದ ಲೆಕ್ಕದಲ್ಲಿ ಕಾಣಿಸುತ್ತಿರಲಿಲ್ಲ. ಕಾಣಿಸದಿರಲಿ ಎಂದೇ ಜಾಸ್ತಿ ಬಡ್ಡಿ ಕಟ್ಟಿದರು.

ಅಪಾಯ ಖಾಸಗಿಯವರದ್ದು ಎನ್ನುವುದೂ ಪೂರ್ತಿ ನಿಜವಲ್ಲ. 2018ರ ಜನವರಿಯಲ್ಲಿ ಕ್ಯಾರಿಲಿಯನ್ ಎಂಬ ಗುತ್ತಿಗೆ ಕಂಪನಿ ಮುಳುಗಿತು. ಲಿವರ್‌ಪೂಲಿನ ದೊಡ್ಡ ಆಸ್ಪತ್ರೆ ಅರ್ಧದಲ್ಲಿ ನಿಂತಿತು. ಒಪ್ಪಂದ ಮುರಿದು ಸರ್ಕಾರವೇ ದುಡ್ಡು ಹಾಕಿ ಮುಗಿಸಿತು. ಬಾಗಿಲು ತೆರೆದದ್ದು 2022ರಲ್ಲಿ.

ಖಾಸಗಿ_ಪಾಲು
ಆ ಒಪ್ಪಂದಕ್ಕೆ ದುಡ್ಡು ಹಾಕಿದ ಖಾಸಗಿ ಹೂಡಿಕೆದಾರರೂ ಕಳೆದುಕೊಂಡರು. ಅದೂ ಅಪಾಯವೇ.

ಎದುರುಮಾತು
ಆಫ್ರಿಕಾದ ಲೆಸೋಥೋ ನೆನಪಿಸಿ ಇವರಿಗೆ. ಒಂದೇ ಆಸ್ಪತ್ರೆ, ದೇಶದ ಆರೋಗ್ಯ ಬಜೆಟ್ಟಿನ ಅರ್ಧ ನುಂಗಿತು.

ಓದುಗ_ಕ
ಅದನ್ನು ಸ್ವಲ್ಪ ಹುಷಾರಾಗಿ ಹೇಳಬೇಕು. ರಾಜಧಾನಿ ಮಸೇರುವಿನಲ್ಲಿ 2011ರಲ್ಲಿ ಶುರುವಾದ ಸಹಭಾಗಿತ್ವದ ಆಸ್ಪತ್ರೆ ಅದು. ಬಜೆಟ್ಟಿನ 51 ಶೇಕಡಾ ಎಂದು 2014ರಲ್ಲಿ ಆಕ್ಸ್‌ಫ್ಯಾಮ್ ಎಂಬ ನೆರವು ಸಂಸ್ಥೆಯ ವರದಿ ಹೇಳಿತು. ವಿಶ್ವಬ್ಯಾಂಕ್ ಆ ಲೆಕ್ಕವನ್ನು ಒಪ್ಪಲಿಲ್ಲ. ಚಿಕಿತ್ಸೆಯ ಗುಣಮಟ್ಟ ಹಳೆಯ ಆಸ್ಪತ್ರೆಗಿಂತ ಸುಧಾರಿಸಿತ್ತು ಎಂಬುದನ್ನೂ ಬಿಡಬಾರದು. ಅಂದಾಜಿಗಿಂತ ಜಾಸ್ತಿ ರೋಗಿಗಳು ಬಂದರು, ಮಿತಿ ದಾಟಿದ ಪ್ರತಿ ರೋಗಿಗೂ ಸರ್ಕಾರ ಹೆಚ್ಚುವರಿ ಕಟ್ಟಬೇಕಿತ್ತು. ಜಗಳ ಬೆಳೆದು 2021ರಲ್ಲಿ ಒಪ್ಪಂದ ಮುರಿಯಿತು.

ಎದುರುಮಾತು
ಅಂದರೆ ಹಾಸಿಗೆ ಹಾಕಿದರು, ತುಂಬಿತು. ನಾನು ಹೇಳಿದ್ದೇ ತಾನೆ.

ರಾತ್ರಿಪಾಳಿ
ರೋಗ ಇತ್ತು, ಅದಕ್ಕೆ ಬಂದರು ಸಾರ್!

ಲ್ಯಾಬಿನಿಂದ
ಇಷ್ಟೆಲ್ಲ ದೊಡ್ಡ ಮಾತಿನ ನಡುವೆ ಒಂದು ಚಿಕ್ಕ ವಿಷಯ. ನಮ್ಮ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಯಂತ್ರಕ್ಕೆ ಒಂದು ರೂಪಾಯಿ ಬಂಡವಾಳ ಹಾಕಿಲ್ಲ. ಕಂಪನಿಯವರು ಯಂತ್ರ ತಂದಿಟ್ಟಿದ್ದಾರೆ. ನಾವು ಪರೀಕ್ಷೆಯ ರಾಸಾಯನಿಕ, ಅಂದರೆ ರೀಏಜೆಂಟನ್ನು, ಅವರಿಂದಲೇ ಕೊಳ್ಳಬೇಕು, ತಿಂಗಳಿಗೆ ಕನಿಷ್ಠ ಇಷ್ಟು ಅಂತ. ರೋಗಿಗಳು ಬಂದ ತಿಂಗಳು ಪರವಾಗಿಲ್ಲ. ಕಡಿಮೆಯಾದ ತಿಂಗಳು ಕಿಟ್‌ಗಳು ಫ್ರಿಜ್ಜಿನಲ್ಲಿ ಕೂತು ಅವಧಿ ಮುಗಿಯುತ್ತವೆ. ಆದರೂ ಕೊಳ್ಳಲೇಬೇಕು. ಬಾಟಲಿ ಮೇಲೆ ಬಾರ್‌ಕೋಡ್ ಇರುತ್ತದೆ. ಬೇರೆ ಕಂಪನಿಯದು ಹಾಕಿದರೆ ಯಂತ್ರ ಓದುವುದೇ ಇಲ್ಲ.

ಲೆಕ್ಕದವ
ಇದು ಚಿಕ್ಕ ವಿಷಯ ಅಲ್ಲ ಸಾರ್. ಬಂಡವಾಳದ ಖರ್ಚನ್ನು ದಿನದ ಖರ್ಚಿನ ಕೆಳಗೆ ಬಚ್ಚಿಡುವುದು ಹೀಗೇ. ಬಡ್ಡಿ ಎಲ್ಲೂ ಬರೆದಿರುವುದಿಲ್ಲ, ರೀಏಜೆಂಟ್ ಬೆಲೆಯೊಳಗೆ ಇರುತ್ತದೆ. ಆದರೆ ಇದು ಯಾವಾಗಲೂ ಕೆಟ್ಟದ್ದೂ ಅಲ್ಲ. ಯಂತ್ರ ಕೆಟ್ಟರೆ ಓಡಿ ಬರುವುದು ಅವರೇ, ಹಳೆಯದಾದರೆ ಬದಲಿಸುವುದೂ ಅವರೇ. ಚಿಕ್ಕ ಲ್ಯಾಬಿಗೆ ಆ ನೆಮ್ಮದಿಗೆ ಬೆಲೆ ಇದೆ. ಕನಿಷ್ಠ ಖರೀದಿಯ ಮಿತಿಯನ್ನು ಮಾತ್ರ ನಿಮ್ಮ ಅತಿ ಕಡಿಮೆ ತಿಂಗಳ ಲೆಕ್ಕದಲ್ಲಿ ಒಪ್ಪಿಕೊಳ್ಳಿ. ಸರಾಸರಿ ತಿಂಗಳ ಲೆಕ್ಕ ಬೇಡ.

ಬಯೋಮೆಡ್
ಯಂತ್ರದವನು ನಾನು, ತಡವಾಗಿ ನೋಡಿದೆ. ಖರೀದಿ ಬೆಲೆ ಒಂದೇ ನೋಡಿ ಯೋಜನೆ ಮಾಡುವುದು ಎಲ್ಲ ಆಸ್ಪತ್ರೆಗಳ ಕಾಯಿಲೆ.

ಸಿಟಿಯಲ್ಲಿ ಎಕ್ಸ್‌ರೇ ಟ್ಯೂಬ್ ಸವೆಯುವ ಭಾಗ, ಯಂತ್ರದ ಬೆಲೆಯಲ್ಲಿ ದೊಡ್ಡ ಪಾಲು ಅದರದ್ದೇ. ಎಂಆರ್‌ಐಗೆ ಯಂತ್ರ ಬರುವ ಮೊದಲೇ ಕೋಣೆಗೆ ತಾಮ್ರದ ಕವಚ, ನೆಲಕ್ಕೆ ಭಾರ ತಡೆಯುವ ಬಲ, ಬಂದ ಮೇಲೆ ತಣ್ಣಗಿಡುವ ಕಂಪ್ರೆಸರಿಗೆ ಹಗಲು ರಾತ್ರಿ ಕರೆಂಟು. ರೋಗಿ ಇಲ್ಲದಿದ್ದರೂ ಅದು ಓಡಬೇಕು. ಇಲ್ಲದಿದ್ದರೆ ಯಂತ್ರವನ್ನು ತಂಪಾಗಿಡುವ ಹೀಲಿಯಂ ಆವಿಯಾಗಿ ಹೋಗುತ್ತದೆ. ಕ್ಯಾನ್ಸರಿನ ರೇಡಿಯೇಷನ್ ಯಂತ್ರಕ್ಕೆ ಮೀಟರಿಗಿಂತ ದಪ್ಪ ಕಾಂಕ್ರೀಟ್ ಗೋಡೆಯ ಕೋಣೆ ಬೇಕು. ಒಮ್ಮೆ ಕಟ್ಟಿದರೆ ಅದನ್ನು ಬೇರೆ ಯಾವುದಕ್ಕೂ ಬಳಸಲಾಗುವುದಿಲ್ಲ. ನಾನು ನೋಡಿದ ಒಂದು ಕಡೆ ಎಂಆರ್‌ಐ ಬಾಗಿಲಲ್ಲಿ ಹಿಡಿಸಲಿಲ್ಲ, ಹೊಸದಾಗಿ ಬಣ್ಣ ಬಳಿದ ಗೋಡೆ ಒಡೆದು ಒಳಗೆ ತಂದರು. ಆ ಗೋಡೆಯ ಖರ್ಚು ಯಾರ ಅಂದಾಜಿನಲ್ಲೂ ಇರಲಿಲ್ಲ.

ದಾನದ ಯಂತ್ರಗಳ ಕಥೆ ಇನ್ನೂ ಬೇರೆ. ಕೈಪಿಡಿ ಇಲ್ಲ, ಬಿಡಿಭಾಗ ಇಲ್ಲ, ವೋಲ್ಟೇಜ್ ಹೊಂದುವುದಿಲ್ಲ. ಬಡ ದೇಶಗಳ ಆಸ್ಪತ್ರೆಗಳಲ್ಲಿ ಸುಮಾರು 40 ಶೇಕಡಾ ಉಪಕರಣ ಕೆಲಸ ಮಾಡುತ್ತಿಲ್ಲ ಎಂದು 2011ರ ಒಂದು ಅಧ್ಯಯನ ಹೇಳಿತ್ತು. ನನಗೆ ಆಶ್ಚರ್ಯ ಆಗಲಿಲ್ಲ.

ವಾರ್ಡ್_ಏಳು
ನಾನು ಇದ್ದ ವಾರ್ಡಿನಲ್ಲಿ ಪ್ರತಿ ಫ್ಯಾನಿನ ರೆಕ್ಕೆ ಮೇಲೂ ದಾನಿಯ ಹೆಸರು ಇತ್ತು. ಫ್ಯಾನು ತಿರುಗಿದರೆ ಹೆಸರು ಓದಲು ಆಗುತ್ತಿರಲಿಲ್ಲ. ನಿಂತರೆ ಓದಬಹುದಿತ್ತು 😄

ಖಾಸಗಿ_ಪಾಲು
ದಾನಿ ಹೆಸರಿಗಾಗಿ ಕೊಟ್ಟರೆ ಏನು ತಪ್ಪು? ಕೊಟ್ಟನಲ್ಲ.

ಆಡಳಿತ_ಕಚೇರಿ
ತಪ್ಪೇನಿಲ್ಲ. ಆದರೆ ಹೊಸ ಬ್ಲಾಕು ಬಂದರೆ ಅದರ ಕರೆಂಟು, ಸಿಬ್ಬಂದಿ, ಕ್ಲೀನಿಂಗು ನಮ್ಮ ಮೇಲೆ ಬೀಳುತ್ತದೆ. ದಾನಿ ಕಟ್ಟಡ ಕೊಟ್ಟು ಖರ್ಚನ್ನೂ ಕೊಟ್ಟು ಹೋಗುತ್ತಾರೆ. ಅದಕ್ಕೇ ಈಗ ಆಡಳಿತ ಮಂಡಳಿ ಮುಂದೆ ಒಂದು ಪ್ರಸ್ತಾಪ ಇಟ್ಟಿದ್ದೇನೆ: ಕಟ್ಟಡ ಕೊಡುವವರು ನಿರ್ವಹಣೆಗೆ ಒಂದು ಮೂಲನಿಧಿಯನ್ನೂ ಇಡಬೇಕು ಅಂತ. ಇಬ್ಬರು ಸದಸ್ಯರು "ದಾನಿ ಓಡಿಹೋಗುತ್ತಾರೆ" ಎಂದರು.

ಇನ್ನೊಂದು ಪ್ರಶ್ನೆ. ಒಬ್ಬರು, ಕಟ್ಟಡ ನಮಗೆ ಮಾರಿ, ನಿಮಗೇ ಬಾಡಿಗೆಗೆ ಕೊಡುತ್ತೇವೆ ಎಂದಿದ್ದಾರೆ. ಜಾಗ ಟ್ರಸ್ಟಿನದ್ದೇ ಇರುತ್ತದೆ, ಕಟ್ಟಡ ಮಾತ್ರ ಅಂತೆ. ಕೈಗೆ ಒಮ್ಮೆಲೇ ದೊಡ್ಡ ಮೊತ್ತ ಬರುತ್ತದೆ.

ನಿವೃತ್ತ_ಬ್ಯಾಂಕು
ಬೇಡ. ಟ್ರಸ್ಟಿನ ವಕೀಲರನ್ನು ಕೇಳದೆ ಆ ಮಾತನ್ನು ಮುಂದುವರಿಸಲೂ ಬೇಡಿ.

ಲೆಕ್ಕದವ
ಅಮೆರಿಕದ ಸ್ಟೀವರ್ಡ್ ಹೆಲ್ತ್ ಕೇರ್ ಎಂಬ ಆಸ್ಪತ್ರೆ ಸಮೂಹದ ಕಥೆ ಓದಿ. 2016ರಲ್ಲಿ ಮಾಸಚೂಸೆಟ್ಸ್‌ನ ಆಸ್ಪತ್ರೆಗಳ ಆಸ್ತಿಯನ್ನು ಆಸ್ತಿ ಕೊಂಡು ಬಾಡಿಗೆಗೆ ಕೊಡುವ ಒಂದು ರಿಯಲ್ ಎಸ್ಟೇಟ್ ಕಂಪನಿಗೆ ಒಪ್ಪಿಸುವ ಸುಮಾರು 125 ಕೋಟಿ ಡಾಲರಿನ ವ್ಯವಹಾರ ಮಾಡಿದರು. ಹಿಂದಿನ ಹೂಡಿಕೆದಾರರು ತಮ್ಮ ದುಡ್ಡು ತೆಗೆದುಕೊಂಡರು, ಬಾಡಿಗೆ ಆಸ್ಪತ್ರೆಗಳ ಕೊರಳಿಗೆ ಬಿತ್ತು. 2024ರ ಮೇನಲ್ಲಿ ದಿವಾಳಿ ಅರ್ಜಿ. ಅದೇ ವರ್ಷ ಆಗಸ್ಟಿನಲ್ಲಿ ಆ ರಾಜ್ಯದ ಎರಡು ಆಸ್ಪತ್ರೆಗಳಿಗೆ ಬೀಗ ಬಿತ್ತು. ಬಾಡಿಗೆ ಒಂದೇ ಕಾರಣ ಅಲ್ಲ, ಆದರೆ ರೋಗಿ ಬಂದರೂ ಬಾರದಿದ್ದರೂ ಬಾಡಿಗೆ ಕಟ್ಟಲೇಬೇಕು.

ಎದುರುಮಾತು
ಅದೇ ಅಮೆರಿಕ 1946ರಲ್ಲಿ ಹಿಲ್-ಬರ್ಟನ್ ಕಾಯ್ದೆ ತಂದು ಸರ್ಕಾರಿ ಅನುದಾನದಲ್ಲಿ ಸಾವಿರಾರು ಆಸ್ಪತ್ರೆ, ಆರೋಗ್ಯ ಕೇಂದ್ರ ಕಟ್ಟಿಸಿತು. ದುಡ್ಡು ಪಡೆದವರು ಕೈಲಾಗದವರಿಗೆ ಒಂದಷ್ಟು ಉಚಿತ ಚಿಕಿತ್ಸೆ ಕೊಡಬೇಕಿತ್ತು. ಬಂಡವಾಳ ಅಂದರೆ ಹಾಗೆ ಬರಬೇಕು.

ಓದುಗ_ಕ
ನೀವು ಈಗ ಹಾಸಿಗೆಯ ಪರ ಆದಿರಾ? 😀 ಅದೇ ಕಾಯ್ದೆ ಕರಿಯರಿಗೆ ಬೇರೆ ಆಸ್ಪತ್ರೆ ಕಟ್ಟಲೂ ಅವಕಾಶ ಕೊಟ್ಟಿತ್ತು. 1963ರಲ್ಲಿ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ಉಚಿತ ಚಿಕಿತ್ಸೆಯ ಷರತ್ತೂ ಎಷ್ಟೋ ವರ್ಷ ಕಾಗದದ ಮೇಲೇ ಇತ್ತು.

ಎದುರುಮಾತು
ಯಾವುದನ್ನು ಹೇಳಿದರೂ ಒಂದು ಆದರೆ!

ನಿವೃತ್ತ_ಬ್ಯಾಂಕು
ಸಾಲಕ್ಕೆ ಇನ್ನೊಂದು ದಾರಿ ಹೇಳುತ್ತೇನೆ. ನೆದರ್‌ಲ್ಯಾಂಡ್ಸ್‌ನಲ್ಲಿ ಆರೋಗ್ಯ ಸಂಸ್ಥೆಗಳು ಸೇರಿ 1999ರಲ್ಲಿ ಒಂದು ಖಾತರಿ ನಿಧಿ ಮಾಡಿಕೊಂಡಿವೆ. ಸದಸ್ಯ ಆಸ್ಪತ್ರೆ ಬ್ಯಾಂಕಿನಿಂದ ಸಾಲ ಪಡೆದಾಗ ನಿಧಿ ಜಾಮೀನು ನಿಲ್ಲುತ್ತದೆ, ಅದರ ಹಿಂದೆ ಸರ್ಕಾರ ಇದೆ. ಬಡ್ಡಿ ಇಳಿಯುತ್ತದೆ. ಯಾರನ್ನು ಬೇಕಾದರೂ ಸೇರಿಸಿಕೊಳ್ಳುವುದಿಲ್ಲ, ಲೆಕ್ಕ ನೋಡಿಯೇ ಸೇರಿಸುತ್ತಾರೆ. ಒಬ್ಬೊಬ್ಬರೇ ಬ್ಯಾಂಕಿನ ಮುಂದೆ ಕೂರುವ ಬದಲು ನಿಮ್ಮಂಥ ನಾಲ್ಕಾರು ಆಸ್ಪತ್ರೆಗಳು ಒಟ್ಟಿಗೆ ಯಂತ್ರ ಖರೀದಿ ಮಾಡಿದರೂ ಮಾರುವವನ ದನಿ ಬದಲಾಗುತ್ತದೆ.

ಓದುಗ_ಕ
ಖಾತರಿ ಇದ್ದ ದೇಶದಲ್ಲೂ 2018ರಲ್ಲಿ ಸ್ಲೋಟರ್‌ವಾರ್ಟ್ ಮತ್ತು ಐಸೆಲ್‌ಮೇರ್ ಆಸ್ಪತ್ರೆಗಳು ಒಂದೇ ವಾರದಲ್ಲಿ ದಿವಾಳಿಯಾದವು. ರೋಗಿಗಳನ್ನು ತರಾತುರಿಯಲ್ಲಿ ಬೇರೆಡೆಗೆ ಸಾಗಿಸಬೇಕಾಯಿತು.

ರಾತ್ರಿಪಾಳಿ
ಆಸ್ಪತ್ರೆ ದಿವಾಳಿ ಆದರೆ ಡಯಾಲಿಸಿಸ್ ರೋಗಿಗಳು ಆ ವಾರ ಎಲ್ಲಿಗೆ ಹೋಗಬೇಕು? ಬಂಡವಾಳದ ಮಾತಾಡುವವರು ಯಾರಾದರೂ ಅದನ್ನು ಬರೆಯಿರಿ.

ಆಡಳಿತ_ಕಚೇರಿ
ಎಲ್ಲರಿಗೂ ಥ್ಯಾಂಕ್ಸ್. ಕಟ್ಟಡ ಮಾರುವ ಮಾತು ಇವತ್ತೇ ನಿಲ್ಲಿಸುತ್ತೇನೆ. ಲಿಫ್ಟನ್ನು ಉಳಿತಾಯದಿಂದ ಮೊದಲು ಮಾಡಿಸೋಣ ಎಂದು ಮಂಡಳಿಗೆ ಬರೆಯುತ್ತಿದ್ದೇನೆ. ಸಿಟಿಗೆ ಹತ್ತಿರದ ಎರಡು ಆಸ್ಪತ್ರೆಗಳ ಜೊತೆ ಒಟ್ಟಿಗೆ ಖರೀದಿಯ ಮಾತಾಡುತ್ತೇನೆ, ಅವರದ್ದೂ ಹಳೆಯದಾಗಿದೆ. ಅದು ಕೂಡಿಬರದಿದ್ದರೆ ಲೀಸ್. @ಬಯೋಮೆಡ್, ಲೀಸಿನ ಕರಡು ಕೈಯಲ್ಲಿದೆ. "ಸಮಗ್ರ ನಿರ್ವಹಣೆ ಸೇರಿದೆ" ಎಂದು ಬರೆದಿದ್ದಾರೆ. ಟ್ಯೂಬ್ ಅದರಲ್ಲಿ ಬಂತಾ?

ಬಯೋಮೆಡ್
ಬರೆದಿಲ್ಲ ಅಂದರೆ ಬಂದಿಲ್ಲ ಎಂದೇ ಓದಿಕೊಳ್ಳಿ. ಟ್ಯೂಬ್ ಸೇರಿಸಿದ್ದರೂ "ಇಷ್ಟು ಸ್ಕ್ಯಾನ್ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು" ಎಂಬ ಸಾಲು ಎಲ್ಲೋ ಅನುಬಂಧದಲ್ಲಿ ಇರುತ್ತದೆ. ಯುಪಿಎಸ್ ಬ್ಯಾಟರಿ, ಇಂಜೆಕ್ಟರ್, ಸಾಫ್ಟ್‌ವೇರ್ ಅಪ್‌ಡೇಟ್ ಯಾರ ಖರ್ಚು ಎಂದೂ ನೋಡಿ. ಅವಧಿ ಮುಗಿದ ಮೇಲೆ ಯಂತ್ರ ಯಾರದ್ದು, ಕಳಚಿ ಸಾಗಿಸುವ ಖರ್ಚು ಯಾರದ್ದು ಎಂಬುದನ್ನೂ. ಕಂಪನಿಯ ಹೆಸರು, ಮೊತ್ತ ಅಳಿಸಿ ಅನುಬಂಧದ ಪುಟಗಳನ್ನು ಇಲ್ಲಿ ಹಾಕಿ. ಭಾನುವಾರ ಬಿಡುವಿದೆ, ಓದುತ್ತೇನೆ.

ಲೆಕ್ಕದವ
ಕಂತಿನ ಪಟ್ಟಿಯನ್ನೂ ಹಾಕಿ. ಬಡ್ಡಿ ಎಷ್ಟು ಬೀಳುತ್ತದೆ ಎಂದು ನಾನು ತೆಗೆಯುತ್ತೇನೆ.